ಸರ್ವಿಸ್ ಅಡ್ವೈಸರ್ ಯಾರ ಕಡೆ?

1941ರಲ್ಲಿ ಅಮೆರಿಕದ ರೀಡರ್ಸ್ ಡೈಜೆಸ್ಟ್ ಪತ್ರಿಕೆ ಒಂದು ವಿಚಿತ್ರ ಪ್ರವಾಸದ ವರದಿ ಪ್ರಕಟಿಸಿತು. ಕಾರಿನಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು. ಗಾಡಿ ಚೆನ್ನಾಗಿಯೇ ಇತ್ತು. ಊರು ಸಮೀಪಿಸಿ ಇನ್ನೇನು ಗ್ಯಾರೇಜು ಸಿಗುತ್ತೆ ಅನ್ನುವಾಗ ಕಾರು ನಿಲ್ಲಿಸೋರು, ಬಾನೆಟ್ ಎತ್ತೋರು, ಇಗ್ನಿಷನ್ ಕಾಯಿಲ್‌ಗೆ ಹೋಗುವ ಒಂದು ವೈರನ್ನು ಕಳಚೋರು. ಆಮೇಲೆ ಗ್ಯಾರೇಜಿಗೆ ಹೋಗಿ, ಕಾರಿನ ಗಂಧಗಾಳಿ ಗೊತ್ತಿಲ್ಲದವರ ಹಾಗೆ, 'ಏನೋ ತೊಂದರೆ ಆಗಿದೆ, ಸ್ವಲ್ಪ ನೋಡಿ' ಅನ್ನೋರು. ಆಗ ಅಮೆರಿಕದಲ್ಲಿದ್ದದ್ದು 48 ರಾಜ್ಯಗಳು. ಅಷ್ಟೂ ರಾಜ್ಯ ಸುತ್ತಿ 347 ಗ್ಯಾರೇಜುಗಳ ಮುಂದೆ ಇದೇ ನಾಟಕ ಆಡಿದರು.

ಕಳಚಿದ ವೈರು ಕಣ್ಣಿಗೆ ಕಾಣುವಂಥದ್ದು. ಸಿಕ್ಕಿಸಿದರೆ ಕೆಲಸ ಮುಗಿಯಿತು, ಅರ್ಧ ನಿಮಿಷ ಕೂಡ ಬೇಡ. 129 ಗ್ಯಾರೇಜುಗಳಲ್ಲಿ ಅದನ್ನೇ ಮಾಡಿದರು. ಆ 129ರಲ್ಲಿ ಮುಕ್ಕಾಲು ಪಾಲು ಜನ ಕಾಸೂ ತಗೊಳ್ಳಲಿಲ್ಲ. ಉಳಿದ 218 ಕಡೆ ನಡೆದದ್ದು ಬೇರೆ. ಇಲ್ಲದ ಕಾಯಿಲೆ ಹೇಳಿದರು, ಬೇಡದ ಸಾಮಾನು ಹಾಕಿದರು, ಮಾಡದ ಕೆಲಸಕ್ಕೆ ಬಿಲ್ಲು ಬರೆದರು, ಇಲ್ಲವೇ ವೈರು ಸಿಕ್ಕಿಸಿದ್ದಕ್ಕೇ ಭಾರಿ ರೇಟು ಹಾಕಿದರು. ಶೇಕಡಾ 63. ವರದಿ ಬರೆದವನು ರೋಜರ್ ವಿಲಿಯಂ ರೀಸ್. ನ್ಯೂಯಾರ್ಕಿನ ಬಡವರ ಕೇರಿಗಳ ಫೋಟೋ ತೆಗೆದು ಇಡೀ ದೇಶದ ಕಣ್ಣು ತೆರೆಸಿದ ಜೇಕಬ್ ರೀಸ್ ಅನ್ನುವ ಪತ್ರಕರ್ತನ ಮಗ. ಅಪ್ಪನ ಕಸುಬು ಮಗನಿಗೂ ಬಂದಿತ್ತು ಅನ್ನಿ.

'ಗ್ಯಾರೇಜಿನವರೆಲ್ಲ ಕಳ್ಳರು' ಅಂತ ಹೇಳೋದಕ್ಕೆ ಇತಿಹಾಸ ಬೇಕಿಲ್ಲ, ಆಫೀಸ್ ಕ್ಯಾಂಟೀನ್ ಸಾಕು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ 63 ಅಲ್ಲ, ಪುಕ್ಕಟೆ ವೈರು ಸಿಕ್ಕಿಸಿ ಕಳಿಸಿದ ಆ ಹೆಚ್ಚುಕಡಿಮೆ ನೂರು ಜನ. ಅದೇ ದೇಶ, ಅದೇ ಕಸುಬು, ಎದುರಿಗೆ ಅದೇ ಪೆದ್ದು ಗಿರಾಕಿ. ಹಾಗಿದ್ದೂ ಒಬ್ಬ ಹೀಗೆ, ಇನ್ನೊಬ್ಬ ಹಾಗೆ. ಇದು ಬರೀ ಮನುಷ್ಯನ ಗುಣದ ಪ್ರಶ್ನೆ ಆಗಿದ್ದರೆ ಅಲ್ಲಿಗೇ ಬಿಡಬಹುದಿತ್ತು. ಆದರೆ ನೂರಿಪ್ಪತ್ತು ವರ್ಷಗಳ ಕಾರು ರಿಪೇರಿ ಚರಿತ್ರೆ ಓದುತ್ತಾ ಹೋದರೆ ಗುಣಕ್ಕಿಂತ ಸಂಬಳದ ವಿಷಯವೇ ಮತ್ತೆ ಮತ್ತೆ ಎದುರಾಗುತ್ತೆ. ಕಾರಿಗೆ ಏನಾಗಿದೆ ಅಂತ ಹೇಳುವವನಿಗೆ ದುಡ್ಡು ಎಲ್ಲಿಂದ, ಹೇಗೆ ಬರುತ್ತೆ ಅನ್ನೋದು.

ಮೊದಲಿಂದ ನೋಡೋಣ. 1900ರ ಆಸುಪಾಸಿನಲ್ಲಿ ಕಾರು ಇದ್ದದ್ದು ಶ್ರೀಮಂತರ ಹತ್ತಿರ ಮಾತ್ರ. ಅವರಿಗೆ ಅದನ್ನು ಓಡಿಸೋಕೂ ಬರುತ್ತಿರಲಿಲ್ಲ, ರಿಪೇರಿಯಂತೂ ದೂರದ ಮಾತು. ಅದಕ್ಕೆ ಶೋಫರ್ ಅನ್ನುವ ಹೊಸ ಜಾತಿಯ ನೌಕರ ಹುಟ್ಟಿದ. ಕುದುರೆ ಗಾಡಿಯವನ ಹಾಗೆ ತಲೆ ತಗ್ಗಿಸಿ ನಿಲ್ಲುವವನಲ್ಲ. ಎಂಜಿನ್ ಬಿಚ್ಚಿ ಕಟ್ಟಬಲ್ಲವನು, ಯಜಮಾನನಿಗೆ ಗೊತ್ತಿಲ್ಲದ್ದು ಗೊತ್ತಿರುವವನು. ನ್ಯೂಯಾರ್ಕಿನಂಥ ನಗರಗಳಲ್ಲಿ ಕಾರುಗಳನ್ನು ಸಾರ್ವಜನಿಕ ಗ್ಯಾರೇಜುಗಳಲ್ಲಿ ನಿಲ್ಲಿಸುತ್ತಿದ್ದರು. ಟೈರು, ಪೆಟ್ರೋಲು, ಬಿಡಿಭಾಗ, ರಿಪೇರಿ ಎಲ್ಲದರ ಬಿಲ್ಲಿನಲ್ಲೂ ಗ್ಯಾರೇಜಿನವನು ಶೋಫರ್‌ಗೆ ಕಮಿಷನ್ ಕೊಡುತ್ತಿದ್ದ. ಕೊಡದಿದ್ದರೆ ಶೋಫರ್ ಕಾರನ್ನು ಬೇರೆ ಗ್ಯಾರೇಜಿಗೆ ಓಡಿಸಿಕೊಂಡು ಹೋಗುತ್ತಿದ್ದ. ಅಷ್ಟೇ ಅಲ್ಲ, ಕೊಡದ ಗ್ಯಾರೇಜಿನಲ್ಲಿ ನಿಂತ ಕಾರು ಯಾಕೋ ಪದೇ ಪದೇ ಕೆಡುತ್ತಿತ್ತಂತೆ! ಆ ಕಾಲದ ಕಾರು ಪತ್ರಿಕೆಗಳಲ್ಲಿ 'ಶೋಫರ್ ಸಮಸ್ಯೆ' ಅನ್ನುವುದು ಖಾಯಂ ಚರ್ಚೆ. ಯಜಮಾನರಿಗೆ ಹೊಟ್ಟೆಯುರಿ ಆಗಿದ್ದು ದುಡ್ಡಿಗಿಂತ ಹೆಚ್ಚಾಗಿ, ತಮ್ಮ ಸಂಬಳದ ಆಳಿನ ಮಾತನ್ನು ತಾವು ನಂಬಲೇಬೇಕಾದ ಪರಿಸ್ಥಿತಿಗೆ ಅಂತ ನನಗನ್ನಿಸುತ್ತೆ.

ಆಮೇಲೆ ಹೆನ್ರಿ ಫೋರ್ಡ್‌ನ ಮಾಡೆಲ್ ಟಿ ಬಂತು. 1908ರಿಂದ 1927ರ ತನಕ ಒಂದೂವರೆ ಕೋಟಿ ಕಾರುಗಳು. ಕಾರು ರೈತನ ಮನೆಗೂ ಬಂತು, ಶೋಫರ್ ಮಾಯವಾದ, ಕಾರಿನ ಮಾಲೀಕ ನೇರವಾಗಿ ಮೆಕ್ಯಾನಿಕ್ ಎದುರು ನಿಂತ. ಆಗ ರಿಪೇರಿ ಬಿಲ್ಲು ಅಂದರೆ 'ಸಾಮಾನು ಇಷ್ಟು, ಗಂಟೆ ಇಷ್ಟು'. ಮೆಕ್ಯಾನಿಕ್ ನಿಧಾನಿ ಆದರೆ ಗಿರಾಕಿಗೆ ಬರೆ. ಕಲಿಯುತ್ತಿರುವ ಹುಡುಗ ಮೂರು ಗಂಟೆ ತಡಕಾಡಿದರೆ ಮೂರು ಗಂಟೆಯ ಕೂಲಿ. ಕೊನೆಯಲ್ಲಿ ಎಷ್ಟಾಗುತ್ತೆ ಅಂತ ಮೊದಲೇ ಯಾರೂ ಹೇಳುವ ಹಾಗಿರಲಿಲ್ಲ.

ಫೋರ್ಡ್ ಕಂಪನಿಗೆ ಇದು ತಲೆನೋವಾಯಿತು. ಕಾರನ್ನು ನಿಮಿಷಗಳ ಲೆಕ್ಕದಲ್ಲಿ ಜೋಡಿಸುವವರಿಗೆ ಅದೇ ಕಾರಿನ ರಿಪೇರಿ ಹೀಗೆ ಅಡ್ಡಾದಿಡ್ಡಿ ನಡೆಯುವುದು ಸಹಿಸಲಾಗಲಿಲ್ಲ. ತಮ್ಮ ಡೀಲರುಗಳ ವರ್ಕ್‌ಶಾಪಿಗೂ ಕಾರ್ಖಾನೆಯ ಶಿಸ್ತು ತರಲು ಹೊರಟರು. ಪ್ರತಿ ಕೆಲಸಕ್ಕೆ ಎಷ್ಟು ಸಮಯ ಬೇಕು ಅಂತ ಅಳೆದು ಪಟ್ಟಿ ಮಾಡಿದರು. ವಾಲ್ವ್ ಗ್ರೈಂಡಿಂಗ್‌ಗೆ ಇಷ್ಟು, ಬ್ರೇಕ್ ಬ್ಯಾಂಡಿಗೆ ಇಷ್ಟು. ಆ ಸಮಯಕ್ಕೆ ತಕ್ಕ ರೇಟು. ಇದಕ್ಕೆ ಫ್ಲಾಟ್ ರೇಟ್ ಅಂತ ಹೆಸರು. 1920ರ ದಶಕದಲ್ಲಿ ಇದು ಬೇರೆ ಕಂಪನಿಗಳಿಗೂ ಹಬ್ಬಿತು. ಗಿರಾಕಿಗೆ ಇದು ನಿಜಕ್ಕೂ ಅನುಕೂಲ, ರೇಟು ಗೋಡೆ ಮೇಲೆ ಬರೆದಿರುತ್ತೆ.

ಆದರೆ ಬಿಲ್ಲಿನ ಜೊತೆ ನಿಧಾನವಾಗಿ ಮೆಕ್ಯಾನಿಕ್‌ನ ಸಂಬಳವೂ ಆ ಪಟ್ಟಿಗೇ ಅಂಟಿಕೊಂಡಿತು. ಪುಸ್ತಕದಲ್ಲಿ ಎರಡು ಗಂಟೆ ಅಂತಿರುವ ಕೆಲಸವನ್ನು ಒಂದು ಗಂಟೆಯಲ್ಲಿ ಮುಗಿಸಿದರೂ ಎರಡು ಗಂಟೆಯ ಕೂಲಿ. ನಾಲ್ಕು ಗಂಟೆ ಆದರೂ ಎರಡೇ ಗಂಟೆಯ ಕೂಲಿ. ಬೇಗ ಮುಗಿಸುವವನಿಗೆ ಒಳ್ಳೆ ಸಂಪಾದನೆ. ಹೌದು, ಆದರೆ ಪುಸ್ತಕದಲ್ಲಿ ಸಮಯ ಇರೋದು ಬಿಚ್ಚಿ ಬದಲಾಯಿಸುವ ಕೆಲಸಕ್ಕೆ. ಕೂತು ಯೋಚಿಸಿ, ಇದಕ್ಕೆ ನಿಜವಾಗಿ ಏನಾಗಿದೆ ಅಂತ ಹುಡುಕುವ ಕೆಲಸಕ್ಕೆ ಬಿಡಿಗಾಸು. 'ಏನೂ ಆಗಿಲ್ಲ, ಒಂದು ವೈರು ಕಳಚಿತ್ತು ಅಷ್ಟೇ' ಅನ್ನುವವನಿಗೆ ಆ ದಿನ ಅಷ್ಟರಮಟ್ಟಿಗೆ ನಷ್ಟ. ಇವತ್ತಿಗೂ ಅಮೆರಿಕದ ಡೀಲರ್ ವರ್ಕ್‌ಶಾಪುಗಳಲ್ಲಿ ಬಹುಪಾಲು ಮೆಕ್ಯಾನಿಕ್‌ಗಳ ಸಂಬಳ ಹೀಗೇ ನಡೆಯುತ್ತೆ. ವಾರಂಟಿ ಕೆಲಸಕ್ಕೆ ಕಾರು ಕಂಪನಿ ಕೊಡುವ ಗಂಟೆಗಳು ಇನ್ನೂ ಬಿಗಿ, ಹಾಗಾಗಿ ಗಿರಾಕಿಯೇ ಜೇಬಿನಿಂದ ಕೊಡುವ ಕೆಲಸಕ್ಕೇ ಎಲ್ಲರೂ ಕಾಯುತ್ತಾರೆ.

ಡೀಲರ್ ಕಡೆಯಿಂದಲೂ ಸ್ವಲ್ಪ ನೋಡಬೇಕು. ಹೊಸ ಕಾರು ಮಾರಿದರೆ ಅವನಿಗೆ ಸಿಗೋದು ನಾವು ಅಂದುಕೊಂಡಷ್ಟಲ್ಲ. ಪಕ್ಕದ ಶೋರೂಮಿನಲ್ಲೂ ಅದೇ ಕಾರು ಇರುತ್ತೆ, ಗಿರಾಕಿ ಎರಡೂ ಕಡೆ ಚೌಕಾಸಿ ಮಾಡಿಯೇ ಬಂದಿರುತ್ತಾನೆ. ಅಮೆರಿಕದ ಡೀಲರುಗಳ ವಹಿವಾಟಿನಲ್ಲಿ ಸರ್ವಿಸ್ ಮತ್ತು ಬಿಡಿಭಾಗಗಳ ಪಾಲು ಎಂಟನೇ ಒಂದರಷ್ಟು, ಒಟ್ಟು ಲಾಭದಲ್ಲಿ ಮಾತ್ರ ಸುಮಾರು ಅರ್ಧ. ಅವರ ವ್ಯವಹಾರದಲ್ಲಿ ಸರ್ವಿಸ್ ಅಬ್ಸಾರ್ಪ್ಷನ್ ಅಂತ ಒಂದು ಅಳತೆಯಿದೆ. ಬಾಡಿಗೆ, ಕರೆಂಟು, ಸಂಬಳ ಸೇರಿ ಇಡೀ ಶೋರೂಮಿನ ಖರ್ಚಿನಲ್ಲಿ ಎಷ್ಟು ಭಾಗವನ್ನು ಹಿಂದುಗಡೆಯ ವರ್ಕ್‌ಶಾಪ್ ದುಡಿದು ಕೊಡುತ್ತೆ ಅನ್ನುವ ಲೆಕ್ಕ. ನೂರಕ್ಕೆ ನೂರಾದರೆ ಒಂದೂ ಕಾರು ಮಾರದೆ ಬದುಕಬಹುದು. ಮುಂದುಗಡೆಯ ಗಾಜಿನ ಶೋರೂಮು ಮದುವೆ ಮನೆಯ ಚಪ್ಪರದ ಹಾಗೆ, ಊಟ ನಡೆಯೋದು ಹಿಂದೆ.

ಈ ಗಂಟನ್ನು ತುಂಬಾ ಚೆನ್ನಾಗಿ ಬಿಡಿಸಿ ಹೇಳಿದವರು ಇಬ್ಬರು ಅರ್ಥಶಾಸ್ತ್ರಜ್ಞರು, ಮೈಕಲ್ ಡಾರ್ಬಿ ಮತ್ತು ಎಡಿ ಕಾರ್ನಿ. 1973ರ ಅವರ ಪ್ರಬಂಧದ ಹೆಸರೇ ಮಜವಾಗಿದೆ: 'ಮುಕ್ತ ಸ್ಪರ್ಧೆ ಮತ್ತು ಮೋಸದ ಸೂಕ್ತ ಪ್ರಮಾಣ'. ಕೆಲವು ಸರಕಿನ ಗುಣ ಕೊಳ್ಳುವ ಮೊದಲೇ ಗೊತ್ತಾಗುತ್ತೆ, ಟೀ ಶರ್ಟ್ ಇದ್ದ ಹಾಗೆ, ಮುಟ್ಟಿ ನೋಡಬಹುದು. ಕೆಲವದ್ದು ಬಳಸಿದ ಮೇಲೆ ಗೊತ್ತಾಗುತ್ತೆ, ದೋಸೆ ತಿಂದ ಮೇಲೆ ಗೊತ್ತಾಗುವ ಹಾಗೆ. ಮೂರನೆಯ ಬಗೆಯದ್ದು ಬಳಸಿದ ಮೇಲೂ ಗೊತ್ತಾಗಲ್ಲ. ಗೇರ್‌ಬಾಕ್ಸ್ ಬದಲಾಯಿಸಿದರು, ಕಾರು ಚೆನ್ನಾಗಿ ಓಡ್ತಿದೆ. ಸರಿ. ಆದರೆ ಬದಲಾಯಿಸದೇ ಒಂದು ಸೀಲ್ ಹಾಕಿದ್ದರೂ ಓಡುತ್ತಿತ್ತಾ? ದೇವರಿಗೇ ಗೊತ್ತು. ಇಂಥದ್ದನ್ನು ನಂಬಿಕೆಯ ಮೇಲೆ ಮಾತ್ರ ಕೊಳ್ಳಬಹುದು. ಅವರು ಮುಖ್ಯವಾಗಿ ತೆಗೆದುಕೊಂಡ ಉದಾಹರಣೆಯೂ ರಿಪೇರಿಯದ್ದೇ.

ಹಾಗಾದರೆ ನೋಡೋನು ಒಬ್ಬ, ರಿಪೇರಿ ಮಾಡೋನು ಇನ್ನೊಬ್ಬ ಅಂತ ಬೇರೆ ಮಾಡಿದರೆ ಆಯಿತಲ್ಲ? ಇದಕ್ಕೂ ಅವರಲ್ಲಿ ಉತ್ತರವಿದೆ. ಗೇರ್‌ಬಾಕ್ಸ್ ಒಳಗೆ ಏನಾಗಿದೆ ಅಂತ ತಿಳಿಯಲು ಅದನ್ನು ಬಿಚ್ಚಲೇಬೇಕು. ಬಿಚ್ಚುವ ಕೂಲಿಯೇ ದೊಡ್ಡದು. ಒಬ್ಬ ಬಿಚ್ಚಿ ನೋಡಿ ಮುಚ್ಚಿ ಕಳಿಸಿ, ಇನ್ನೊಬ್ಬ ಮತ್ತೆ ಬಿಚ್ಚಿದರೆ ಖರ್ಚು ದುಪ್ಪಟ್ಟು. ನೋಡೋನೇ ಮಾಡಿದರೆ ಅಗ್ಗ. ಆದರೆ ನೋಡೋನೇ ಮಾಡಿದರೆ ಸುಳ್ಳು ಹೇಳೋದಕ್ಕೂ ಕಾರಣ ಸಿಗುತ್ತೆ. ಸೆಕೆಂಡ್ ಒಪಿನಿಯನ್ ತಗೊಳ್ಳುವ ಖರ್ಚು, ಓಡಾಟ, ರಜೆ ಎಲ್ಲ ಸೇರಿದರೆ ಮೋಸ ಹೋಗೋದೇ ಲಾಭ ಅನ್ನಿಸುವ ಒಂದು ಮಟ್ಟ ಇರುತ್ತೆ. ಶೀರ್ಷಿಕೆಯ 'ಸೂಕ್ತ ಪ್ರಮಾಣ' ಅಂದರೆ ಅದು.

ಅಷ್ಟು ಹೊತ್ತಿಗೆ ರಾಜಕಾರಣಿಗಳಿಗೂ ಬಿಸಿ ತಟ್ಟಿತ್ತು. 1968ರ ಕೊನೆಯಲ್ಲಿ ಸೆನೆಟರ್ ಫಿಲಿಪ್ ಹಾರ್ಟ್ ಕಾರು ರಿಪೇರಿ ಬಗ್ಗೆ ಸೆನೆಟ್ ಉಪಸಮಿತಿಯಲ್ಲಿ ವಿಚಾರಣೆ ಶುರುಮಾಡಿದರು. ಹಾರ್ಟ್ ಯಾವ ರಾಜ್ಯದವರು ಗೊತ್ತಾ? ಮಿಷಿಗನ್. ಅಂದರೆ ಡೆಟ್ರಾಯಿಟ್ ಇರುವ ರಾಜ್ಯ. ಕಾರು ಕಂಪನಿಗಳ ತವರಿನಿಂದಲೇ ಗೆದ್ದು ಬಂದವರು ಈ ಕೆಲಸಕ್ಕೆ ಕೈಹಾಕಿದ್ದು ಸಣ್ಣ ಧೈರ್ಯವಲ್ಲ. ವಿಚಾರಣೆ ವರ್ಷಗಟ್ಟಲೆ ನಡೆಯಿತು. 1972ರಲ್ಲಿ ಮೆಕ್ಯಾನಿಕ್‌ಗಳಿಗೆ ಪರೀಕ್ಷೆ ನಡೆಸಿ ಸರ್ಟಿಫಿಕೇಟ್ ಕೊಡುವ ಎಎಸ್ಇ ಸಂಸ್ಥೆ ಹುಟ್ಟಿದ್ದೂ ಇದೇ ಕಾವಿನಲ್ಲಿ. ಪರೀಕ್ಷೆ ಒಳ್ಳೇದೇ. ಆದರೆ ಅದು ಅಳೆಯೋದು ಕೆಲಸ ಬರುತ್ತೋ ಇಲ್ಲವೋ ಅನ್ನೋದನ್ನ. ಕೆಲಸ ಚೆನ್ನಾಗಿ ಬರುವವನಿಗೆ ಮೋಸವೂ ಚೆನ್ನಾಗಿ ಬರಬಹುದು.

ನಿಜವಾಗಿ ಹಲ್ಲಿದ್ದ ಕಾನೂನು ಬಂದದ್ದು ಕ್ಯಾಲಿಫೋರ್ನಿಯಾದಲ್ಲಿ, 1971ರಲ್ಲಿ. ರಿಪೇರಿ ಅಂಗಡಿಗಳೆಲ್ಲ ನೋಂದಣಿ ಮಾಡಿಸಬೇಕು. ಕೆಲಸಕ್ಕೆ ಕೈಹಾಕುವ ಮೊದಲು ಬರವಣಿಗೆಯಲ್ಲಿ ಎಸ್ಟಿಮೇಟ್ ಕೊಡಬೇಕು. ಅದಕ್ಕಿಂತ ಹೆಚ್ಚಾಗುತ್ತೆ ಅಂದರೆ ಮತ್ತೆ ಗಿರಾಕಿಯ ಒಪ್ಪಿಗೆ ಕೇಳಬೇಕು. ಕೆಲಸ ಒಪ್ಪಿಸುವಾಗಲೇ ಗಿರಾಕಿ ಕೇಳಿದ್ದರೆ ಬಿಚ್ಚಿದ ಹಳೇ ಪಾರ್ಟ್‌ಗಳನ್ನು ವಾಪಸ್ ಕೊಡಬೇಕು. ಇದನ್ನೆಲ್ಲ ನೋಡಿಕೊಳ್ಳಲು ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್ ಅನ್ನುವ ಇಲಾಖೆಯನ್ನೇ ಮಾಡಿದರು. ಇಲಾಖೆಯ ಕೈಗೆ ಒಂದು ಅಸ್ತ್ರವೂ ಬಂತು. ರೀಡರ್ಸ್ ಡೈಜೆಸ್ಟ್‌ನವರು ಆಡಿದ ಆಟವೇ, ಆದರೆ ಸರ್ಕಾರಿ ಕಾರಿನಲ್ಲಿ!

ಆ ಆಟದ ದೊಡ್ಡ ಬೇಟೆ ಇಪ್ಪತ್ತು ವರ್ಷ ಆದಮೇಲೆ ಬಿತ್ತು. ಸಿಯರ್ಸ್.

ಸಿಯರ್ಸ್ ಕಾರು ಮಾರುವ ಡೀಲರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ. ಸೂಜಿಯಿಂದ ಫ್ರಿಜ್ಜಿನವರೆಗೆ ಮಾರುತ್ತಿದ್ದ ಭಾರಿ ಅಂಗಡಿಗಳ ಸರಣಿ. ಒಂದು ಕಾಲಕ್ಕೆ ಕ್ಯಾಟಲಾಗ್ ನೋಡಿ ಅಂಚೆಯಲ್ಲಿ ತರಿಸಿಕೊಳ್ಳುತ್ತಿದ್ದರು. ಇವತ್ತಿನ ಅಮೆಜಾನ್ ಥರ, ಆದರೆ ಮೂರು ತಲೆಮಾರಿನ ವಿಶ್ವಾಸ. ಅಂಗಡಿಗಳ ಪಕ್ಕದಲ್ಲೇ ಅವರದ್ದೇ ಆಟೋ ಸೆಂಟರ್‌ಗಳಿದ್ದವು. ಬ್ರೇಕು, ಟೈರು, ಬ್ಯಾಟರಿ, ಅಲೈನ್‌ಮೆಂಟು. ಅಲ್ಲಿನ ಕೌಂಟರು, ಕೌಂಟರಿನ ಹಿಂದೆ ನಿಂತ ಸರ್ವಿಸ್ ಅಡ್ವೈಸರ್, ಒಳಗೆ ನಮಗೆ ಪ್ರವೇಶವಿಲ್ಲದ ವರ್ಕ್‌ಶಾಪು, ಎಲ್ಲ ಡೀಲರ್ ಶೋರೂಮಿನ ಪಡಿಯಚ್ಚು. 'ಬೀದಿ ಬದಿ ಗ್ಯಾರೇಜು ಬೇಡಪ್ಪ, ದೊಡ್ಡ ಹೆಸರಿನ ಕಡೆ ಹೋಗೋಣ' ಅನ್ನುವವರೇ ಅಲ್ಲಿಗೆ ಬರುತ್ತಿದ್ದದ್ದು. ನಾವು ಕಂಪನಿ ಸರ್ವಿಸ್ ಸೆಂಟರಿಗೇ ಬಿಡೋಣ ಅಂತೀವಲ್ಲ, ಹಾಗೆ.

1990ರ ಸುಮಾರಿಗೆ ಆರ್ಥಿಕ ಹಿಂಜರಿತ. ಸಿಯರ್ಸ್‌ನ ಲಾಭ ಕುಸಿಯಿತು. ಚಿಕಾಗೋದ ಮುಖ್ಯ ಕಚೇರಿಯವರು ಆಟೋ ಸೆಂಟರ್‌ಗಳ ಸಂಬಳದ ಪದ್ಧತಿ ಬದಲಾಯಿಸಿದರು. ಅಲ್ಲಿಯವರೆಗೆ ಗಂಟೆ ಲೆಕ್ಕದಲ್ಲಿದ್ದ ಮೆಕ್ಯಾನಿಕ್ ಸಂಬಳಕ್ಕೆ ಕೆಲಸದ ಲೆಕ್ಕ ಸೇರಿತು. ಎಷ್ಟು ಕೆಲಸ ಮುಗಿಸಿದರೆ ಅಷ್ಟು. ಅಡ್ವೈಸರುಗಳಿಗೆ ಮಾರಿದ್ದರ ಮೇಲೆ ಕಮಿಷನ್ ಬಂತು, ಜೊತೆಗೆ ಟಾರ್ಗೆಟ್: ಒಂದು ಪಾಳಿಯಲ್ಲಿ ಇಷ್ಟು ಅಲೈನ್‌ಮೆಂಟ್, ಇಷ್ಟು ಸ್ಪ್ರಿಂಗ್, ಇಷ್ಟು ಬ್ರೇಕ್ ಕೆಲಸ ಮಾರಬೇಕು. ಸ್ವಲ್ಪ ನಿಂತು ಯೋಚಿಸಿ. ಇವತ್ತು ಸೋಮವಾರ ಬರುವ ಕಾರುಗಳಲ್ಲಿ ಎಷ್ಟರ ಸ್ಪ್ರಿಂಗ್ ಹಾಳಾಗಿರಬೇಕು ಅನ್ನೋದು ಭಾನುವಾರ ರಾತ್ರಿಯೇ ತೀರ್ಮಾನ ಆಗಿಬಿಟ್ಟಿದೆ! ಸೇಲ್ಸ್‌ನಲ್ಲಿ ಕೆಲಸ ಮಾಡುವ ಓದುಗರಿಗೆ ಆ ಅಡ್ವೈಸರುಗಳ ಹೊಟ್ಟೆಯ ಸಂಕಟ ನಾನು ಬಿಡಿಸಿ ಹೇಳಬೇಕಿಲ್ಲ.

ಕ್ಯಾಲಿಫೋರ್ನಿಯಾದ ಬ್ಯೂರೋಗೆ ದೂರುಗಳು ಏರತೊಡಗಿದವು. ಒಂದು ವರ್ಷಕ್ಕೂ ಮೇಲ್ಪಟ್ಟು ಗುಪ್ತವಾಗಿ ತನಿಖೆ ನಡೆಯಿತು. ಅವರು ಮಾಡಿದ ತಯಾರಿ ನನಗೆ ಬಹಳ ಇಷ್ಟ. ಹಳೇ ಕಾರುಗಳನ್ನು ತಗೊಂಡರು. ತಮ್ಮದೇ ಪರಿಣತರಿಂದ ಇಡೀ ಗಾಡಿ ತಪಾಸಣೆ ಮಾಡಿಸಿ ಉಳಿದದ್ದೆಲ್ಲ ಸರಿ ಇರುವಂತೆ ನೋಡಿಕೊಂಡರು. ಬ್ರೇಕ್ ಪ್ಯಾಡ್ ಮಾತ್ರ ಸವೆದದ್ದು ಹಾಕಿದರು. ಅಂದರೆ ಆ ಕಾರಿಗೆ ಬೇಕಾದ ರಿಪೇರಿ ಒಂದೇ, ಅದು ಕಾಗದದ ಮೇಲೆ ದಾಖಲಾಗಿದೆ. ಡಾರ್ಬಿ, ಕಾರ್ನಿ ಹೇಳಿದ 'ಎಂದೂ ಗೊತ್ತಾಗದ' ಸಂಗತಿಯನ್ನು ಗೊತ್ತಾಗುವ ಹಾಗೆ ಮಾಡಲು ಇರುವ ದಾರಿ ಬಹುಶಃ ಇದೊಂದೇ. ಸತ್ಯವನ್ನು ಮೊದಲೇ ಬರೆದಿಟ್ಟುಕೊಂಡು ಆಮೇಲೆ ಪ್ರಶ್ನೆ ಕೇಳೋದು.

27 ಸೆಂಟರ್‌ಗಳಿಗೆ 38 ಸಲ ಹೋದರು. 34 ಸಲ ಬೇಡದ ರಿಪೇರಿಯನ್ನು ಮಾರಿದರು. ಶೇಕಡಾ 90ರ ಹತ್ತಿರ. ರೀಡರ್ಸ್ ಡೈಜೆಸ್ಟ್ ಕಂಡ ಬೀದಿ ಗ್ಯಾರೇಜುಗಳದ್ದು 63 ಇತ್ತು, ನೆನಪಿರಲಿ. ಒಂದೊಂದು ಸಲಕ್ಕೂ ಸರಾಸರಿ 200 ಡಾಲರಿಗಿಂತ ಹೆಚ್ಚು ವಸೂಲಿ. ಕಾಂಕರ್ಡ್ ಅನ್ನುವ ಊರಿನಲ್ಲಿ 585 ಡಾಲರ್ ತಗೊಂಡರು. ಪ್ಯಾಡು ಬದಲಾಯಿಸಲು ಹೋದ ಕಾರಿಗೆ ಸ್ಪ್ರಿಂಗು ಅದು ಇದು ಎಲ್ಲ ಹೊಸದು ಬಂತು. ಕೆಲವು ಕಾರುಗಳು ಹೋದಾಗಿನ ಸ್ಥಿತಿಗಿಂತ ಕೆಟ್ಟ ಸ್ಥಿತಿಯಲ್ಲಿ ಹೊರಬಂದವು.

1992ರ ಜೂನ್‌ನಲ್ಲಿ ರಾಜ್ಯ ಇದನ್ನು ಬಹಿರಂಗ ಮಾಡಿ, ಕ್ಯಾಲಿಫೋರ್ನಿಯಾದಲ್ಲಿದ್ದ ಸಿಯರ್ಸ್‌ನ 72 ಆಟೋ ಸೆಂಟರ್‌ಗಳ ನೋಂದಣಿಯನ್ನೂ ರದ್ದು ಮಾಡಲು ಹೊರಟಿತು. ಕಂಪನಿಯ ವಕೀಲರ ಮೊದಲ ಮಾತು, ಇದೆಲ್ಲ ರಾಜಕೀಯ, ಬ್ಯೂರೋದವರು ತಮ್ಮ ಬಜೆಟ್ ಉಳಿಸಿಕೊಳ್ಳಲು ಆಡುತ್ತಿರುವ ಆಟ ಅಂತ. ಕೆಲವೇ ದಿನಗಳಲ್ಲಿ ನ್ಯೂಜೆರ್ಸಿಯಿಂದಲೂ ಅಂಥದೇ ಆರೋಪ ಬಂತು, ಗಿರಾಕಿಗಳು ಬರುವುದು ಕಡಿಮೆ ಆಯಿತು, ದನಿ ಬದಲಾಯಿತು. ಅಧ್ಯಕ್ಷ ಎಡ್ವರ್ಡ್ ಬ್ರೆನನ್ ಪತ್ರಕರ್ತರ ಮುಂದೆ ಬಂದು, ತಪ್ಪುಗಳಾಗಿವೆ, ನಮ್ಮ ಇನ್ಸೆಂಟಿವ್ ಮತ್ತು ಗುರಿ ನಿಗದಿಯ ಪದ್ಧತಿಯೇ ಅಂಥ ವಾತಾವರಣ ಹುಟ್ಟಿಸಿತು ಅಂತ ಒಪ್ಪಿಕೊಂಡರು. ಅಡ್ವೈಸರುಗಳ ಕಮಿಷನ್ ತೆಗೆದರು, ಟಾರ್ಗೆಟ್ ತೆಗೆದರು. ಕ್ಯಾಲಿಫೋರ್ನಿಯಾ ಜೊತೆ 80 ಲಕ್ಷ ಡಾಲರಿನ ಒಪ್ಪಂದ ಆಯಿತು. ದೇಶದಾದ್ಯಂತದ ದಾವೆಗಳೂ ಸೇರಿ ಒಟ್ಟು ಖರ್ಚಿನ ಅಂದಾಜು ಸುಮಾರು 6 ಕೋಟಿ ಡಾಲರ್. ಮೋಸ ಹೋಗಿರಬಹುದಾದ ಗಿರಾಕಿಗಳಿಗೆ ಸಿಕ್ಕಿದ್ದು 50 ಡಾಲರಿನ ಕೂಪನ್. ಅದನ್ನು ಖರ್ಚು ಮಾಡಬೇಕಾದ್ದೂ ಸಿಯರ್ಸ್‌ನಲ್ಲೇ!

ಮೇಲಿನಿಂದ ಯಾರೂ 'ಮೋಸ ಮಾಡಿ' ಅಂತ ಆದೇಶ ಕೊಟ್ಟಿರಲಿಲ್ಲ. ಈ ಪ್ರಕರಣ ಇವತ್ತಿಗೂ ಮ್ಯಾನೇಜ್‌ಮೆಂಟ್ ಪಾಠಗಳಲ್ಲಿ ಉಳಿದಿರುವುದು ಅದಕ್ಕೇ. ಕೆಳಗಿನವರೂ ತಾವು ಕಳ್ಳತನ ಮಾಡ್ತಿದ್ದೀವಿ ಅಂದುಕೊಂಡಿರಲಿಕ್ಕಿಲ್ಲ. ಅವರಿಗೆ ಒಂದು ಒಳ್ಳೆಯ ಪದ ಸಿಕ್ಕಿತ್ತು, 'ಮುಂಜಾಗ್ರತೆಯ ನಿರ್ವಹಣೆ'. ಹಳೇ ಕಾರು, ಸ್ಪ್ರಿಂಗ್ ಇವತ್ತಲ್ಲ ನಾಳೆ ಹೋಗುತ್ತೆ, ಈಗಲೇ ಹಾಕಿಸಿಬಿಡಿ, ಸುರಕ್ಷಿತ ಅಲ್ವಾ? 'ಬೇಕೇ ಬೇಕು' ಮತ್ತು 'ಮಾಡಿಸಿದರೆ ಒಳ್ಳೇದು' ನಡುವೆ ಒಂದು ಗೆರೆಯಿದೆ. ಆ ಗೆರೆಯನ್ನು ಸಂಬಳ ದಿನಾ ಒಂದು ಕೂದಲಿನಷ್ಟು ಆಚೆಗೆ ತಳ್ಳುತ್ತೆ. ತಳ್ಳಿದವನಿಗೂ ಗೊತ್ತಾಗಲ್ಲ.

ಹಾಗಂತ ಎಲ್ಲದಕ್ಕೂ 'ಬೇಡ' ಅಂದುಬಿಟ್ಟರೆ ಗೆದ್ದೆವು ಅಂತಲ್ಲ. ಹೆನ್ರಿ ಷ್ನೈಡರ್ ಅನ್ನುವ ಅರ್ಥಶಾಸ್ತ್ರಜ್ಞ ಇದೇ ಥರ ಮೊದಲೇ ದೋಷ ಗೊತ್ತಿದ್ದ ಒಂದು ಕಾರನ್ನು ಅಮೆರಿಕದ ಹಲವು ಗ್ಯಾರೇಜುಗಳಿಗೆ ತಾನೇ ಒಯ್ದು, 2012ರಲ್ಲಿ ಅದರ ಫಲಿತಾಂಶ ಪ್ರಕಟಿಸಿದ. ಬೇಡದ ರಿಪೇರಿ ಹೇಳಿದವರು ಇದ್ದರು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಕಂಡದ್ದು ಇದ್ದ ದೋಷವನ್ನೇ ಗಮನಿಸದವರು. ತಪಾಸಣೆಗೆ ಕಾಸು ಹುಟ್ಟದ ಕಡೆ ತಪಾಸಣೆ ಯಾಕೆ ಮಾಡ್ತಾರೆ ಹೇಳಿ? ಇನ್ನು ಅಪನಂಬಿಕೆ ಬಲಿತ ಗಿರಾಕಿ, ನಿಜವಾಗಿ ಸವೆದ ಬ್ರೇಕಿನ ಬಗ್ಗೆ ಹೇಳಿದರೂ 'ಇವರದ್ದು ಯಾವಾಗಲೂ ಇದೇ ರಾಗ' ಅಂತ ಎದ್ದು ಹೋಗುತ್ತಾನೆ. ಸುಳ್ಳು ಹೇಳಿದವನ ಸಾಲವನ್ನು ನಿಜ ಹೇಳುವವನು ತೀರಿಸಬೇಕು.

ಗಾಡಿ ಸರ್ವಿಸ್‌ಗೆ ಒಬ್ಬರೇ ಹೋಗುವ ಹೆಣ್ಣುಮಕ್ಕಳಿಗೆ ಇನ್ನೊಂದು ಸಂಗತಿ. ಅಮೆರಿಕದಲ್ಲೇ ಗ್ಯಾರೇಜುಗಳಿಗೆ ಫೋನ್ ಮಾಡಿ ಒಂದು ರೇಡಿಯೇಟರ್ ಬದಲಾವಣೆಗೆ ರೇಟು ಕೇಳಿದ ಅಧ್ಯಯನವೊಂದಿದೆ, 2017ರಲ್ಲಿ ಪ್ರಕಟವಾಯಿತು. 'ಎಷ್ಟಾಗುತ್ತೆ ಅಂತ ನನಗೆ ಗೊತ್ತಿಲ್ಲ' ಅಂದಾಗ ಹೆಂಗಸರಿಗೆ ಗಂಡಸರಿಗಿಂತ ಹೆಚ್ಚಿನ ರೇಟು ಹೇಳಿದರು. 'ಇದಕ್ಕೆ ಇಷ್ಟು ಅಂತ ಕೇಳಿದ್ದೀನಿ' ಅಂತ ಒಂದು ಮೊತ್ತ ಹೇಳಿದ ಕೂಡಲೇ ಆ ವ್ಯತ್ಯಾಸ ಮಾಯ. ಎಂಜಿನ್ ಜ್ಞಾನವೇನೂ ಬೇಕಾಗಲಿಲ್ಲ, ಒಂದು ಸಂಖ್ಯೆ ಸಾಕಾಯಿತು.

ಇನ್ನು ನಮ್ಮ ಕಡೆ. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಕಾರು ಇದ್ದವರಿಗೆ ಒಬ್ಬ ಖಾಯಂ ಮೆಕ್ಯಾನಿಕ್ ಇರುತ್ತಿದ್ದ, ಮನೆ ಡಾಕ್ಟರ್ ಇದ್ದ ಹಾಗೆ. ಬಿಡಿಭಾಗ ಬೇಕಾದರೆ ಬೆಂಗಳೂರಿನಲ್ಲಿ ಜೆ.ಸಿ. ರೋಡು. ಬಾನೆಟ್ ಎತ್ತಿದರೆ ಗಿರಾಕಿಯೂ ಪಕ್ಕದಲ್ಲೇ ನಿಂತು ನೋಡಬಹುದಿತ್ತು. ಅವನೇನು ಸತ್ಯಹರಿಶ್ಚಂದ್ರ ಆಗಿದ್ದನಂತಲ್ಲ. ಆದರೆ ಅವನು ಹಾಳಾಗಿದೆ ಅಂತ ತೆಗೆದದ್ದು ನಮ್ಮ ಕಣ್ಣೆದುರೇ ಬಿದ್ದಿರುತ್ತಿತ್ತು. 1983ರ ಕೊನೆಯಲ್ಲಿ ಮಾರುತಿ ಬಂದ ಮೇಲೆ ಅಧಿಕೃತ ಸರ್ವಿಸ್ ಸ್ಟೇಷನ್ ಅನ್ನೋದು ಮಧ್ಯಮ ವರ್ಗದ ಮಾತಿನಲ್ಲಿ ಸೇರಿತು. ಎಲೆಕ್ಟ್ರಾನಿಕ್ಸ್ ಹೆಚ್ಚಿದಂತೆ ಹೊರಗಿನ ಮೆಕ್ಯಾನಿಕ್ ಹಿಂದೆ ಬಿದ್ದ. ಹಿಂದೆ ಬಿದ್ದ ಅನ್ನೋದಕ್ಕಿಂತ, ಬೀಳಿಸಿದರು.

ಇದು ನನ್ನ ಮಾತಲ್ಲ. 2011ರಲ್ಲಿ ಶಂಷೇರ್ ಕಟಾರಿಯಾ ಎಂಬುವರು ಭಾರತೀಯ ಸ್ಪರ್ಧಾ ಆಯೋಗಕ್ಕೆ ಮಾಹಿತಿ ಸಲ್ಲಿಸಿದರು. ಕಾರು ಕಂಪನಿಗಳು ಅಸಲಿ ಬಿಡಿಭಾಗಗಳನ್ನು, ದೋಷ ಪತ್ತೆ ಮಾಡುವ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿವೆ ಅನ್ನುವುದು ದೂರು. ಮೂರು ಕಂಪನಿಗಳ ವಿರುದ್ಧ ಶುರುವಾದದ್ದು ತನಿಖೆಯಲ್ಲಿ ಬೆಳೆಯಿತು. 2014ರ ಆಗಸ್ಟ್ 25ರಂದು ಆಯೋಗ ಮಾರುತಿ, ಟಾಟಾ, ಮಹೀಂದ್ರ, ಹೋಂಡಾ, ಟೊಯೋಟಾ ಸೇರಿ 14 ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಾಟಿದ ದಂಡ ಹಾಕಿತು. ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಹೋಗುತ್ತೆ ಅನ್ನುವ ಷರತ್ತನ್ನೂ ಆಯೋಗ ಪ್ರಶ್ನಿಸಿತು. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾನೂನು ಈ ಷರತ್ತನ್ನು ಬಹುಮಟ್ಟಿಗೆ ತಡೆದಿತ್ತು. ನಮ್ಮ ಕಂಪನಿಗಳು ಟ್ರಿಬ್ಯೂನಲ್ಲು, ಕೋರ್ಟು ಅಂತ ಮೆಟ್ಟಿಲು ಹತ್ತಿದವು. 2022ರ ಡಿಸೆಂಬರಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು, ವಾಹನಗಳೂ ಅದರಲ್ಲಿ ಸೇರಿವೆ.

ಈ ಹೋರಾಟ ದೊಡ್ಡದೇ. ಆದರೆ ಇದು ಸ್ಪರ್ಧೆಯ ಬಗೆಗಿನದು, ಎಲ್ಲಿ ಬೇಕಾದರೂ ರಿಪೇರಿ ಮಾಡಿಸುವ ಹಕ್ಕಿನದು. ಡಾರ್ಬಿ, ಕಾರ್ನಿಯವರ ಶೀರ್ಷಿಕೆ ಮತ್ತೊಮ್ಮೆ ನೋಡಿ. ಸ್ಪರ್ಧೆ ಮುಕ್ತವಾಗಿದ್ದಾಗಲೂ ಮೋಸ ಉಳಿಯುತ್ತೆ ಅನ್ನುವುದೇ ಅವರ ವಾದ. ರೀಡರ್ಸ್ ಡೈಜೆಸ್ಟ್‌ನ 347 ಗ್ಯಾರೇಜುಗಳ ನಡುವೆ ಸ್ಪರ್ಧೆಗೇನೂ ಬರ ಇರಲಿಲ್ಲ.

ಬೆಳಗ್ಗೆ ಕಾರು ಬಿಟ್ಟು ಆಫೀಸಿಗೆ ಬಂದಿರ್ತೀರಿ. ಮೀಟಿಂಗ್ ನಡುವೆ ಫೋನ್. 'ಸರ್, ಎಂಜಿನ್ ಡೀಕಾರ್ಬನೈಸಿಂಗ್ ರೆಕಮೆಂಡ್ ಮಾಡ್ತೀವಿ, ಎಸಿ ಕ್ಲೀನಿಂಗ್, ಅಂಡರ್‌ಬಾಡಿ ಕೋಟಿಂಗ್, ಬ್ರೇಕ್ ಪ್ಯಾಡ್ ಕೂಡ ಸ್ವಲ್ಪ ಕಡಿಮೆ ಇದೆ, ಹಾಕಿಬಿಡ್ಲಾ ಸರ್?' ಆ ಪಟ್ಟಿಯಲ್ಲಿ ನಿಜವಾಗಿ ಬೇಕಾದದ್ದೂ ಇರಬಹುದು. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಎಷ್ಟು ಕಿಲೋಮೀಟರಿಗೆ ಏನು ಮಾಡಿಸಬೇಕು ಅಂತ ಪಟ್ಟಿಯಿದೆ, ಆ ಪಟ್ಟಿ ಬರೆದವರಿಗೆ ನಿಮ್ಮ ಅಡ್ವೈಸರನ ಟಾರ್ಗೆಟ್ ಗೊತ್ತಿಲ್ಲ. ಅಡ್ವೈಸರನಿಗೆ ಗೊತ್ತು, ತಿಂಗಳ ಕೊನೆಯಲ್ಲಿ ಇನ್ನೂ ಚೆನ್ನಾಗಿ ಗೊತ್ತು. ಅವನೂ ನಿಮ್ಮ ವಯಸ್ಸಿನವನೇ, ಅವನಿಗೂ ಅಪ್ರೈಸಲ್ ಇದೆ.

ಇಷ್ಟೆಲ್ಲ ಆಗಿ ಅನುಮಾನ ಬಂದು ಗ್ರಾಹಕರ ಆಯೋಗಕ್ಕೆ ಹೋದಿರಿ ಅಂತಿಟ್ಟುಕೊಳ್ಳಿ. ನಮ್ಮಲ್ಲಿ ಮೊದಲೇ ತಪಾಸಣೆ ಮಾಡಿಸಿ, ಬರೆದಿಟ್ಟು, ಕಾರು ಕಳಿಸುವವರು ಯಾರೂ ಇಲ್ಲ. ಬ್ರೇಕ್ ಪ್ಯಾಡ್ ಸವೆದಿರಲಿಲ್ಲ ಅಂತ ನೀವೇ ತೋರಿಸಬೇಕು. ತೋರಿಸಬೇಕಾದ ಆ ಪ್ಯಾಡನ್ನು ಡೆಲಿವರಿ ತಗೊಳ್ಳುವಾಗ ನೀವು ಕೇಳಿರಲಿಲ್ಲ. ಅಷ್ಟೊತ್ತಿಗೆ ಅದು ಗುಜರಿಗೆ ಹೋಗಿರುತ್ತೆ.